ಮೂರು ಬೆರಳಿನ ಆಣೆ

ಸೂರ್ಯೋದಯವಾಗಿ ಬಹಳ ಹೊತ್ತಾಗಿದ್ದರೂ ಸಿರಿವೊಳಲಿನ ಪೇಟೆಬೀದಿಯಲ್ಲಿ ಒಂದು ಅಂಗಡಿಯ ಹಲಗೆಯೂ ಸರಿದಿರಲಿಲ್ಲ. ಜನರಿಗೇನೂ ಕೊರತೆಯಿರಲಿಲ್ಲ. ಅರಮನೆಯ ಉಪ್ಪರಿಗೆಯ ಬುಡದಿಂದ ಹೊರಟು ಕೋಟೆಯ ಮೂಡಣ ಬಾಗಿಲಿನವರೆಗೆ ನೇರವಾಗಿ ಹಾಸಿದ ಆ ಕಲ್ಲುಬೀದಿಯ ಎರಡೂ ಬದಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಕಂಕುಳಲ್ಲಿ ಗಂಟು ಇರುಕಿದ ನೇಕಾರರು, ಗೋಣಿ ಎಳೆದು ತಂದ ಕುಂಬಾರರು ಒತ್ತೊತ್ತಾಗಿ ನಿಂತಿದ್ದರು. ಬುಟ್ಟಿಯಲ್ಲಿಯೂ ಗಂಟಿನಲ್ಲಿಯೂ ಗೋಣಿಯಲ್ಲಿಯೂ ಇದ್ದದ್ದು ಒಂದೇ ವಸ್ತು, ಕಾಗದ. ಅಂಗೈಯಗಲದ ಆ ಕಾಗದದ ನಡುವೆ ಇಂಗಳೀಕದ ಕೆಂಪಿನಲ್ಲಿ ಮೂರು ಬೆರಳುಗಳ ಗುರುತು. ಅದೇ ಗುರುತು ಚರಂಡಿಯಲ್ಲಿ ತೇಲುತ್ತಿತ್ತು. ಹೂವಾಡಗಿತ್ತಿಯ ಮಲ್ಲಿಗೆಯನ್ನು ಸುತ್ತಿಕೊಂಡಿತ್ತು. ತೊಟ್ಟಿಲಿನ ಕೂಸುಗಳ ಕೆಳಗೆ ಹಾಸಿಕೊಂಡು ಒದ್ದೆಯಾಗುತ್ತಿತ್ತು. ಬಣ್ಣಕ್ಕೆ ಅಂಟು ಬೆರೆಸುವಷ್ಟು ವ್ಯವಧಾನ ಅಚ್ಚಿನ ಮನೆಯವರಿಗೆ ಈಚೆಗೆ ಇರಲಿಲ್ಲವಾದ್ದರಿಂದ ಮುಟ್ಟಿದವರ ಕೈಗೆಲ್ಲ ಆ ಕೆಂಪು ಹತ್ತಿಕೊಂಡಿತ್ತು. ಅಂಟುವಾಳ ಹಾಕಿ ತಿಕ್ಕಿದರೂ ಅದು ಬಿಡುತ್ತಿರಲಿಲ್ಲ. ಇಡೀ ರಾಜಧಾನಿಯೇ ಆಗತಾನೆ ಯಾರನ್ನೋ ಕೊಂದು ಬಂದಂತೆ ಕೆಂಪು ಅಂಗೈಗಳನ್ನು ಮಡಿಚಿಕೊಂಡು ಮೌನವಾಗಿ ನಿಂತಿತ್ತು.

ಅದು ಕಾಯುತ್ತಿದ್ದದ್ದು ಒಂದು ಸದ್ದಿಗೆ.

ಝಣ್.

ಅರಮನೆಯ ಬಾಗಿಲಿನಿಂದ ಲೆಂಕ ಮಸಣಯ್ಯ ಹೊರಗೆ ಹೆಜ್ಜೆಯಿಟ್ಟ. ಝಣ್, ಝಣ್. ಬೀದಿಯುದ್ದಕ್ಕೂ ತಡೆದುಕೊಂಡಿದ್ದ ಉಸಿರು ಹೊರಬಿತ್ತು, ಹಲಗೆಗಳು ಸರಿದವು, ಬೈಗುಳ, ಚೌಕಾಸಿ, ತಕ್ಕಡಿಯ ಕಿರುಗುಟ್ಟುವಿಕೆ ಒಮ್ಮೆಲೇ ಎದ್ದವು.

ಲೆಂಕನೆಂದರೆ ಅರಸನ ಅನ್ನವನ್ನುಂಡು, ಅರಸನ ಉಸಿರು ನಿಂತ ದಿನವೇ ತನ್ನ ಉಸಿರನ್ನೂ ನಿಲ್ಲಿಸುವೆನೆಂದು ದೇವರ ಸನ್ನಿಧಿಯಲ್ಲಿ ಭಾಷೆ ಕೊಟ್ಟವನು. ಆ ಭಾಷೆಯ ಕುರುಹು ಅವನ ಎಡಗಾಲಿನ ತೊಡರು. ಒಳಗೆ ಹರಳು ತುಂಬಿದ ಕಂಚಿನ ಕಡಗ. ಹಾಗೆ ಸತ್ತವನಿಗೆ ಊರ ಮುಂದೆ ವೀರಗಲ್ಲು ನಿಲ್ಲುತ್ತದೆ; ಹಾಗೆ ಸಾಯದೆ ಉಳಿದವನ ನೆರಳನ್ನು ದಾಟಲು ನಾಯಿಯೂ ಹೇಸುತ್ತದೆಂದು ಆ ಕಾಲದವರು ನಂಬಿದ್ದರು. ಆದ್ದರಿಂದ ಮಸಣಯ್ಯನ ಕಾಲು ಸದ್ದು ಮಾಡುತ್ತಿದೆಯೆಂದರೆ, ಮೌನವ್ರತ ಹಿಡಿದು ಒಳಮನೆ ಸೇರಿದ ಕೇತಭೂಪಾಲರು ಕ್ಷೇಮವಾಗಿದ್ದಾರೆಂದೇ ಅರ್ಥ. ಅರಸರು ಕ್ಷೇಮವೆಂದರೆ ಅವರ ಕಾಗದಕ್ಕೆ ಇನ್ನೂ ಜೀವವಿದೆ. ನಿನ್ನೆಗಿಂತ ಇಂದು ಅರ್ಧದಷ್ಟೇ ಇರಬಹುದು, ಆದರೂ ಇದೆ.

"ಏನು ಲೆಂಕಯ್ಯ, ಇವತ್ತು ಹೆಜ್ಜೆ ಭಾರವಾಗಿದೆ! ಕಾಲುನೋವೋ, ಮನೆಯಲ್ಲಿ ಜಗಳವೋ?" ಎಂದು ಗಾಣದ ಕಾಳವ್ವೆ ಅಂಗಡಿಯ ಜಗಲಿಯಿಂದಲೇ ಕೂಗಿದಳು. ಗಂಡ ಸತ್ತ ಮೇಲೆ ಒಬ್ಬಳೇ ಎಣ್ಣೆಯ ಗಾಣ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಹೆಂಗಸು ಅವಳು. ಅವಳ ಬಾಯಿಗೆ ಅರಮನೆಯ ದಂಡನಾಯಕರೂ ಹೆದರುತ್ತಿದ್ದರು.

"ವಯಸ್ಸಾಯಿತು, ಕಾಳವ್ವೆ."

"ನಿನಗೆ ವಯಸ್ಸಾಗಕೂಡದಪ್ಪ. ನೀನು ಒಮ್ಮೆ ಕೆಮ್ಮಿದರೆ ಸಾಕು, ಊರಲ್ಲಿ ಎಳ್ಳಿನ ಬೆಲೆ ಏರುತ್ತದೆ." ಸುತ್ತಲಿದ್ದವರು ನಕ್ಕರು. ಅವಳೂ ನಕ್ಕು, ಆಮೇಲೆ ದನಿ ತಗ್ಗಿಸಿದಳು. "ಎತ್ತನ್ನು ಮಾರಿಬಿಟ್ಟೆ. ಕೊಂಡವನು ಸುರಿದ ಕಾಗದವನ್ನು ಅದು ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋಯಿತು. ಅದಕ್ಕಿದ್ದ ಬುದ್ಧಿ ನನಗಿಲ್ಲ. ಗಾಣವನ್ನೂ ಮನೆಯನ್ನೂ ಮಹಾಪ್ರಧಾನರ ಕಡೆಯವರಿಗೆ ಬರೆದುಕೊಟ್ಟಿದ್ದೇನೆ. ಅಮಾವಾಸ್ಯೆಗೆ ಬಂದು ಬೀಗ ಹಾಕುತ್ತಾರಂತೆ."

"ಮನೆಯನ್ನೂ?"

"ನಾನೊಬ್ಬಳೇ ಏನು? ಈ ಸಾಲಿನಲ್ಲಿ ಯಾರ ಮನೆ ಅವರದಾಗಿ ಉಳಿದಿದೆ ಹೇಳು. ಅರಸರು ವ್ರತ ಮುಗಿಸಿ ಹೊರಗೆ ಬಂದು ಕಾಗದಕ್ಕೆ ಹೊನ್ನು ಕೊಡುತ್ತಾರಲ್ಲ, ಆಗ ಎರಡು ಗಾಣ ಹಾಕುತ್ತೇನೆ." ಅವಳ ಕಣ್ಣು ಅವನ ತೊಡರಿನ ಮೇಲೆ ನಿಂತಿತು. "ಬರುತ್ತಾರಲ್ಲವೇ?"

ಮಸಣಯ್ಯ ದಿನವೂ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ. "ನಾನು ನಡೆಯುತ್ತಿದ್ದೇನಲ್ಲ, ಅವ್ವಾ."

"ಅಷ್ಟು ಸಾಕು ಬಿಡು," ಎಂದು ಕಾಳವ್ವೆ ಎಣ್ಣೆಯ ಮಿಳ್ಳಿಯನ್ನು ಎತ್ತಿಕೊಂಡಳು.

ಆ ಕಾಗದ ಹುಟ್ಟಿದ ದಿನ ಇದೇ ಬೀದಿಯಲ್ಲಿ ಜಯಘೋಷವಾಗಿತ್ತು. ಬಡಗಣ ಗಡಿಯ ಯುದ್ಧದಿಂದ ಕೇತಭೂಪಾಲರು ಬಲಗೈಯ ಕಿರುಬೆರಳು ಮತ್ತು ಉಂಗುರಬೆರಳನ್ನು ಕಳೆದುಕೊಂಡು ಮರಳಿದ್ದರು. ಬೊಕ್ಕಸವಂತೂ ತನ್ನ ಸರ್ವಸ್ವವನ್ನೂ ಅಲ್ಲಿಯೇ ಬಿಟ್ಟು ಬಂದಿತ್ತು. ಆಗ ಮಹಾಪ್ರಧಾನ ಏಚಿಮಯ್ಯನವರು, ಹೊನ್ನಿಲ್ಲದಿದ್ದರೇನು, ಪ್ರಭುಗಳ ಮಾತಿದೆಯಲ್ಲ ಎಂದು ಉಪಾಯ ಹೇಳಿದರು. ಅರಸರು ಬೀದಿಗೆ ಬಂದು, ಉಳಿದ ಮೂರು ಬೆರಳುಗಳನ್ನು ಇಂಗಳೀಕದಲ್ಲಿ ಅದ್ದಿ ಮೊದಲ ಕಾಗದದ ಮೇಲೆ ಒತ್ತಿ, ಎಲ್ಲರಿಗೂ ಕೇಳುವಂತೆ ಆಣೆ ಮಾಡಿದರು: "ನನ್ನ ಉಸಿರಿರುವ ತನಕ ಈ ಗುರುತು ಹೊನ್ನಿಗೆ ಸಮಾನ. ಉಸಿರು ನಿಂತ ದಿನ ಇದು ಬರೀ ಕಾಗದ. ಆಮೇಲೆ ಇದನ್ನು ಕೊಟ್ಟು ಯಾರ ಮನೆ, ಯಾರ ಹೊಲ ಕೊಂಡರೂ ಅದು ಕ್ರಯವಲ್ಲ, ಕಳವು. ಕೊಂಡವನು ಮರಳಿ ಕೊಡತಕ್ಕದ್ದು."

ಕೊನೆಯ ಮಾತು ಏಚಿಮಯ್ಯನವರು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಅರಸರು ಸ್ವಂತ ಬುದ್ಧಿಯಿಂದ ಸೇರಿಸಿದ್ದರು. ಪ್ರಧಾನರ ನಗುಮುಖ ಆ ಹೊತ್ತಿನಲ್ಲಿ ಕೊಂಚ ಕದಡಿದ್ದನ್ನು ಪಕ್ಕದಲ್ಲಿಯೇ ನಿಂತಿದ್ದ ಮಸಣಯ್ಯ ಕಂಡಿದ್ದ, ಬಿಸಿಲಿಗಿರಬೇಕೆಂದುಕೊಂಡಿದ್ದ.

ಆಮೇಲೆ ಆ ಮೂರು ಬೆರಳುಗಳನ್ನು ಮರದ ಅಚ್ಚಿನಲ್ಲಿ ಕೆತ್ತಿದರು. ಅಚ್ಚಿಗೆ ದಣಿವಿಲ್ಲ. ಸೈನ್ಯದ ಸಂಬಳಕ್ಕೆ ಒತ್ತಿದರು, ಅರಮನೆಯ ತುಪ್ಪಕ್ಕೆ ಒತ್ತಿದರು, ಕೊನೆಗೆ ಕಾಗದ ಮಾಡುವವರ ಕೂಲಿಗೂ ಒತ್ತಿದರು. ಟಂಕಸಾಲೆಯ ಸುತ್ತಿಗೆಗಳು ನಿಂತುಹೋಗಿ ಕುಲುಮೆಯಲ್ಲಿ ಬೆಕ್ಕು ಮರಿ ಹಾಕಿತು. ಆದರೂ ಮಧ್ಯಾಹ್ನದ ನಿಶ್ಶಬ್ದದಲ್ಲಿ ಆ ಓಣಿಯ ಮುದುಕರು ಥಟ್ಟನೆ ತಲೆಯೆತ್ತಿ, "ಕೇಳಿಸಿತೇ? ಹೊನ್ನು ಬಡಿಯುತ್ತಿದ್ದಾರೆ," ಎನ್ನುತ್ತಿದ್ದರು. ಯಾರೂ ಬಡಿಯುತ್ತಿರಲಿಲ್ಲ.

ಮಸಣಯ್ಯನಿಗೆ ಕೇಳಿಸುತ್ತಿದ್ದ ಸದ್ದು ಬೇರೆ. ಅರಸರ ಶಯ್ಯಾಗೃಹದ ಬಾಗಿಲಲ್ಲಿ ಅವನು ಕಾವಲು ನಿಲ್ಲುತ್ತಿದ್ದ. ವೈದ್ಯರು ಬರುವುದು ಕಾರ್ತಿಕದಲ್ಲಿಯೇ ನಿಂತುಹೋಗಿತ್ತು; ಒಳಗೆ ಔಷಧ ಅರೆಯುವ ಸದ್ದು ಮಾತ್ರ ನಿಂತಿರಲಿಲ್ಲ. ಯಾರಿಗಾಗಿ ಅರೆಯುತ್ತಿದ್ದರು?

ಮಧ್ಯಾಹ್ನದ ಭೋಜನಕ್ಕೆ ಮೊದಲು ಅರಸನು ತನ್ನ ಎಲೆಯಿಂದ ಒಂದು ತುತ್ತನ್ನು ತನ್ನ ಕೈಯಿಂದಲೇ ಹಿಸುಕಿ ಲೆಂಕನಿಗೆ ಕಳುಹಿಸಬೇಕೆಂಬುದು ಆ ಮನೆತನದ ಕಟ್ಟಳೆ. ಅರಮನೆಯ ತುತ್ತು ಕೈಯಲ್ಲಿರುವವನ ಮೇಲೆ ಯಾರೂ ಕೈಯೆತ್ತಕೂಡದು; ಅದನ್ನು ಉಂಡವನು ಅರಮನೆಯ ರಕ್ಷಣೆಗೆ ಸೇರಿದವನು. ಮೂರೇ ಬೆರಳಿನಲ್ಲಿ ಕಟ್ಟಿದ ಕೇತಭೂಪಾಲರ ತುತ್ತು ಮಾವಿನ ಮಿಡಿಯಂತೆ ತುದಿ ಚೂಪಾಗಿ, ಮೈಮೇಲೆ ಮೂರು ಗುಳಿ ಬಿದ್ದು ಇರುತ್ತಿತ್ತು. ಕಾರ್ತಿಕ ಹುಣ್ಣಿಮೆಯ ಮರುದಿನ ಪಟ್ಟದರಸಿ ಸೋಮಲದೇವಿಯರು ಬಾಗಿಲಿಗೆ ತಂದಿತ್ತ ತುತ್ತು ಮಾತ್ರ ನಿಂಬೆಹಣ್ಣಿನಂತೆ ಗುಂಡಗಿತ್ತು. ಇಡೀ ಅಂಗೈಯಲ್ಲಿ ಉರುಳಿಸಿ ಕಟ್ಟಿದ ತುತ್ತು. ಮಸಣಯ್ಯ ತಲೆಯೆತ್ತಿ ನೋಡಿದ. ದೇವಿಯರ ಕೈತುಂಬ ಬಳೆಗಳಿದ್ದವು, ಹಣೆಯಲ್ಲಿ ಕುಂಕುಮವಿತ್ತು, ಹಿಂದೆ ಪ್ರಧಾನರ ಕಡೆಯ ಇಬ್ಬರು ಭಟರಿದ್ದರು. ಅವರು ಮರೆತು ಹಾಗೆ ಕಟ್ಟಿದ್ದರೋ, ಅವನಿಗೆ ತಿಳಿಯಲೆಂದೇ ಕಟ್ಟಿದ್ದರೋ! ಹುಣ್ಣಿಮೆಯ ಸಂಜೆ ಊರೆಲ್ಲ ದೀಪ ಹಚ್ಚಿದ್ದಾಗ ಅರಮನೆಯ ಒಳತೋಟದಿಂದ ಎದ್ದ ಹೊಗೆಯಲ್ಲಿ ಶ್ರೀಗಂಧದ ವಾಸನೆ ಅಷ್ಟು ದಟ್ಟವಾಗಿ ಏಕಿತ್ತೆಂದು ಅವನಿಗೆ ಆಗ ನೆನಪಾಯಿತು.

ಅವನು ಆ ತುತ್ತನ್ನು ಉಂಡ.

ನಾಳೆ ಯಾರಾದರೂ ಹೇಳುತ್ತಾರೆ, ಹೇಳಿದ ಕೂಡಲೇ ಭಾಷೆ ಸಲ್ಲಿಸುತ್ತೇನೆ ಎಂದುಕೊಂಡ. ಯಾರೂ ಹೇಳಲಿಲ್ಲ. ಹೇಳದಿದ್ದುದನ್ನು ತಿಳಿದಂತೆ ನಡೆಯುವುದು ಸೇವಕನಿಗೆ ಸಲ್ಲದೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಾಯಬೇಕಾದವರಿಗೆ ಇಂಥ ಸಮಾಧಾನಗಳು ಬಹು ಸುಲಭವಾಗಿ ಹೊಳೆಯುತ್ತವೆ. ಮಾರ್ಗಶಿರ ಕಳೆಯಿತು, ಮಾಘ ಕಳೆಯಿತು; ಬೆಳಿಗ್ಗೆ ಬೀದಿಯಲ್ಲಿ ನಡೆದ, ಮಧ್ಯಾಹ್ನ ಗುಂಡಗಿನ ತುತ್ತನ್ನು ಉಂಡ. ತನ್ನ ಕಾಲಿನ ಸದ್ದು ತನ್ನ ಹಿಂದೆಯೇ ಇನ್ನಾರೋ ನಡೆದುಬರುತ್ತಿರುವಂತೆ ಕೇಳಿಸತೊಡಗಿತು. ತಿರುಗಿ ನೋಡಿದರೆ ಬೀದಿ, ಕಾಗದ, ಕೆಂಪು ಬೆರಳುಗಳು.

ಆದರೆ ಕಾಳವ್ವೆ ಇಂದು "ಅಷ್ಟು ಸಾಕು ಬಿಡು" ಎಂದಿದ್ದಳು. ಆ ಮಾತು ಅವನನ್ನು ನೇರವಾಗಿ ಮಹಾಪ್ರಧಾನರ ಮನೆಗೆ ಎಳೆದೊಯ್ದಿತು.

ಅಂಗಳದಲ್ಲಿ ಗಾಡಿಗಳಿಗೆ ಬೆಲ್ಲದ ಅಚ್ಚು ತುಂಬುತ್ತಿದ್ದರು. ಬೆಲ್ಲಕ್ಕೆ ಅಷ್ಟೊಂದು ಕಾವಲು ಏಕೆಂದು ಅವನು ಆಶ್ಚರ್ಯಪಡುವಷ್ಟರಲ್ಲಿ ಏಚಿಮಯ್ಯನವರು ಒಳಗೆ ಕರೆದು ಕುಳ್ಳಿರಿಸಿ, ತಾವೇ ತಾಂಬೂಲದ ತಟ್ಟೆಯನ್ನು ಮುಂದಿಟ್ಟರು.

"ದಯಮಾಡಿಸಿ, ಮಸಣಯ್ಯನವರೇ. ಬಹಳ ಕಾಲ ತಡೆದಿರಿ. ನೀವು ಇನ್ನೂ ಬೇಗ ಬರುವಿರೆಂದು ಎಣಿಸಿದ್ದೆ."

"ಪ್ರಭುಗಳು ಇಲ್ಲ ಎಂಬುದು ನನಗೆ ತಿಳಿದಿದೆ ಎಂದು ಮಹಾಪ್ರಧಾನರಿಗೆ ತಿಳಿದಿತ್ತೇ?"

"ನೀವು ಮೂರ್ಖರಲ್ಲ. ಜೀವದ ಮೇಲಿನ ಆಸೆಯೂ ತಪ್ಪಲ್ಲ." ಏಚಿಮಯ್ಯನವರ ದನಿಯಲ್ಲಿ ತಿರಸ್ಕಾರವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಈಗ ನೀವು ಕಳೆದುಕೊಂಡದ್ದನ್ನು ಮರಳಿಸಿಕೊಡುತ್ತೇನೆ, ಕೇಳಿ. ಅಮಾವಾಸ್ಯೆಗೆ ಮನೆ ಹೊಲಗಳೆಲ್ಲ ನಮ್ಮ ವಶಕ್ಕೆ ಬಂದಿರುತ್ತವೆ. ಮರುದಿನ ಬೆಳಿಗ್ಗೆ, ಪ್ರಭುಗಳು ಈಗತಾನೆ ದೈವಾಧೀನರಾದರೆಂದು ಡಂಗುರ ಹೊಡೆಸುತ್ತೇನೆ. ಅದೇ ಗಳಿಗೆಯಲ್ಲಿ ನೀವು ಭಾಷೆ ಸಲ್ಲಿಸಿರಿ. ಈ ನಾಡಿನಲ್ಲಿಯೇ ಎತ್ತರದ ವೀರಗಲ್ಲು ನಿಮ್ಮದು. ನಿಮ್ಮ ಮಡದಿಗೆ ನದಿಯ ದಂಡೆಯ ಗದ್ದೆ. ಒಂದು ದಿನವೂ ಪ್ರಭುವನ್ನು ಅಗಲದ ಲೆಂಕನೆಂದು ಮಕ್ಕಳು ಪದ ಕಟ್ಟಿ ಹಾಡುತ್ತಾರೆ."

"ಈಗಲೇ ಬೀದಿಗೆ ಹೋಗಿ ಪ್ರಾಣ ಬಿಟ್ಟರೆ?"

"ಲೆಂಕನು ಕುಡಿದ ಅಮಲಿನಲ್ಲಿ ಸತ್ತನೆಂದು ಸಾರಿಸುತ್ತೇನೆ. ನಾಳೆ ಬೇರೊಬ್ಬ ತೊಡರು ಕಟ್ಟಿಕೊಂಡು ನಡೆಯುತ್ತಾನೆ. ಕಾಲು ಯಾರದಾದರೇನು? ಜನಕ್ಕೆ ಬೇಕಾದದ್ದು ಸದ್ದು."

ಮಸಣಯ್ಯನ ದೃಷ್ಟಿ ತಾಂಬೂಲದ ತಟ್ಟೆಯ ಮೇಲಿದ್ದ ಪ್ರಧಾನರ ಕೈಗಳ ಮೇಲೆ ಬಿತ್ತು. ಬೆಳ್ಳಗೆ, ತೊಳೆದಿಟ್ಟ ಶಂಖದಂತೆ ಇದ್ದವು. ಕೂಸುಗಳ ಬೆನ್ನು ಕೂಡ ಕೆಂಪಾಗಿದ್ದ ಆ ನಗರದಲ್ಲಿ, ಕಾಗದವನ್ನು ಹುಟ್ಟಿಸಿದ ಈ ಅಂಗೈಗಳಿಗೆ ಒಂದು ಕಲೆಯೂ ಇರಲಿಲ್ಲ. ಅವರು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಬೆಲ್ಲದ ಕೆಳಗೆ ಇರುವುದು ಹೊನ್ನೆಂದು ಆಗ ಅವನಿಗೆ ಹೊಳೆಯಿತು.

ಅವನು ತಾಂಬೂಲವನ್ನು ಮುಟ್ಟದೆ ಎದ್ದು ಕೈಮುಗಿದ. "ಅಪ್ಪಣೆಯಾಗಲಿ," ಎಂದ. ಅದನ್ನು ಒಪ್ಪಿಗೆಯೆಂದು ಏಚಿಮಯ್ಯನವರು ತಿಳಿದರು. ಸತ್ತ ಮೇಲಿನ ಕೀರ್ತಿಯನ್ನು ಬೇಡವೆನ್ನುವ ಗಂಡಸನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ.

ಮನೆಯಲ್ಲಿ ಹೆಂಡತಿ ಸೋವಕ್ಕ ಕಾಗದ ಉರಿಸಿ ಅಂಬಲಿ ಕಾಯಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿ ಮುಗಿಸುವ ತನಕ ಅವಳು ಒಲೆಯ ಮುಂದಿನಿಂದ ಕದಲಲಿಲ್ಲ.

"ಗೊತ್ತಿತ್ತು," ಎಂದಳು.

"ಹೇಗೆ?"

"ಕಾರ್ತಿಕದಿಂದ ನೀವು ಊಟಕ್ಕೆ ಕೂತರೆ ಮೊದಲು ತುತ್ತು ಕಟ್ಟಿ, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತೀರಿ. ನನ್ನ ಅಡುಗೆಯಲ್ಲಿ ಅಂಥ ಚೆಂದವೇನೂ ಇಲ್ಲ." ಅವಳು ಇನ್ನೊಂದು ಹಿಡಿ ಕಾಗದವನ್ನು ಒಲೆಗೆ ತುರುಕಿದಳು. ಮೂರು ಬೆರಳುಗಳು ಮುದುಡಿಕೊಂಡು ಕಪ್ಪಾದವು. "ನಾನೂ ಬಾಯಿ ಬಿಡಲಿಲ್ಲ. ಗಂಡ ಬದುಕಿರಲಿ ಅಂತ ಆಸೆ. ಊರು ಮುಳುಗಿದರೆ ಮುಳುಗಲಿ ಅನ್ನಿಸಿತ್ತು. ನಿಜ ಹೇಳಬೇಕಲ್ಲ."

"ಅಮಾವಾಸ್ಯೆಯ ಮರುದಿನ ಸತ್ತರೆ ನನ್ನ ಹೆಸರು ಉಳಿಯುತ್ತದೆ, ಸೋವಿ. ನಿನಗೆ ಗದ್ದೆ. ಆದರೆ ಪ್ರಭುಗಳು ಆವತ್ತೇ ತೀರಿಕೊಂಡರು ಅಂತಾದರೆ ಇವರೆಲ್ಲ ಬರೆದುಕೊಟ್ಟದ್ದು ಊರ್ಜಿತವಾಗುತ್ತದೆ. ಕಾರ್ತಿಕದಲ್ಲೇ ತೀರಿಕೊಂಡರು ಅಂತ ಹೇಳಿದರೆ ಮನೆಗಳು ಮರಳುತ್ತವೆ."

"ಹೇಳಿದರೆ ನೀವು ಕಾರ್ತಿಕದಿಂದ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ."

"ಕೇಳುತ್ತಾರೆ."

"ಕಲ್ಲಿನಲ್ಲಿ ಹೊಡೆಯುತ್ತಾರೆ."

"ಹೊಡೆಯಬಹುದು."

ಸೋವಕ್ಕ ಅಂಬಲಿಯನ್ನು ಒಲೆಯಿಂದ ಇಳಿಸಿದಳು. "ಹೇಗಿದ್ದರೂ ಕಲ್ಲೇ," ಎಂದಳು. "ವೀರಗಲ್ಲಾದರೆ ನಿಮ್ಮ ಮೂಗನ್ನು ಸೊಟ್ಟ ಕೆತ್ತಿರುತ್ತಾರೆ, ನಾನು ದಿನಾ ಅದಕ್ಕೆ ಹೂವಿಡಬೇಕು. ಸಾಯುವುದು ನಿಮಗೆ ಬರುತ್ತದೆ, ಚಿಕ್ಕಂದಿನಿಂದ ಅದನ್ನೇ ಕಲಿತಿದ್ದೀರಿ. ಉಗುಳಿಸಿಕೊಂಡು ಬದುಕುವುದನ್ನು ಯಾರೂ ಕಲಿಸಿಲ್ಲ. ನಾಳೆ ನಾನೂ ಜೊತೆಗೆ ಬರುತ್ತೇನೆ. ಈಗ ಉಣ್ಣಿ. ತುತ್ತು ನೋಡಬೇಡಿ, ಉಣ್ಣಿ."

ಮರುದಿನ ಬೆಳಿಗ್ಗೆ ಬೀದಿ ಎಂದಿನಂತೆ ಕಾದಿತ್ತು. ಉಪ್ಪರಿಗೆಯಲ್ಲಿ ಸೋಮಲದೇವಿಯರು ಎಂದಿನಂತೆ, ಜನಕ್ಕೆ ಬಳೆಗಳು ಕಾಣುವಂತೆ ಕೈಗಳನ್ನು ಕಟಾಂಜನದ ಮೇಲಿರಿಸಿಕೊಂಡು ಕುಳಿತಿದ್ದರು; ಅದೂ ಪ್ರಧಾನರ ಏರ್ಪಾಡೇ. ಲೆಂಕನ ಕಾಲು, ಅರಸಿಯ ಬಳೆ, ಈ ಎರಡು ಸಾಕ್ಷಿಗಳ ಮೇಲೆ ಒಂದು ರಾಜ್ಯದ ಕ್ರಯವಿಕ್ರಯವೆಲ್ಲ ನಿಂತಿತ್ತು.

ಮಸಣಯ್ಯ ಹೊರಬಂದ. ಸದ್ದಿರಲಿಲ್ಲ.

ಅವನು ನಡೆಯುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿರಲಿಲ್ಲ. ನೀರಿನ ಮೇಲೆ ಪ್ರೇತ ಬಂದಂತೆ ಅವನು ಬರಿಗಾಲಿನಲ್ಲಿ ಬಂದು, ಹಿಂದೆಯೇ ಬಂದ ಸೋವಕ್ಕನ ಕೈಯಿಂದ ತೊಡರನ್ನು ತೆಗೆದುಕೊಂಡು, ಕಾಳವ್ವೆಯ ಜಗಲಿಯ ಮೇಲೆ ಇಟ್ಟ. ವರ್ಷಗಟ್ಟಲೆ ಕಂಚು ಸುತ್ತಿದ್ದ ಕಣಕಾಲಿನಲ್ಲಿ ಚರ್ಮ ಹೆಣದಂತೆ ಬಿಳಿಚಿಕೊಂಡಿತ್ತು.

"ಪ್ರಭುಗಳು ಕಾರ್ತಿಕ ಹುಣ್ಣಿಮೆಯಂದು ತೀರಿಕೊಂಡರು," ಎಂದ. ದನಿ ಬೀದಿಯ ಕೊನೆಯವರೆಗೆ ಮುಟ್ಟಿತು. "ಮರುದಿನವೇ ನನಗೆ ತಿಳಿಯಿತು. ತಿಳಿದೂ ಸಾಯಲಿಲ್ಲ. ತಿಳಿದೂ ನಿಮ್ಮ ನಡುವೆ ನಡೆದೆ. ಅಂದಿನಿಂದ ನೀವು ಬರೆದುಕೊಟ್ಟ ಮನೆ ಹೊಲಗಳಿಗೆ ಸಿಕ್ಕಿದ್ದು ಹೊನ್ನಲ್ಲ, ನನ್ನ ಕಾಲಿನ ಸದ್ದು. ಪ್ರಭುಗಳ ಆಣೆಯ ಪ್ರಕಾರ ಅದು ಕ್ರಯವಲ್ಲ, ಕಳವು. ನಿಮ್ಮ ಮನೆಗಳು ನಿಮ್ಮವೇ."

ಅರಮನೆಯ ಮೆಟ್ಟಿಲಿನ ಮೇಲೆ ಏಚಿಮಯ್ಯನವರು ಆಗಲೇ ಕಾಣಿಸಿಕೊಂಡಿದ್ದರು. ಆ ಮಹಾನುಭಾವರ ಬುದ್ಧಿ ಎಂಥ ಇಕ್ಕಟ್ಟಿನಲ್ಲಿಯೂ ಎಡವುತ್ತಿರಲಿಲ್ಲ. "ಅಯ್ಯೋ, ಪ್ರಜೆಗಳೇ!" ಎಂದು ಎದೆ ಬಡಿದುಕೊಂಡರು. "ಪ್ರಭುಗಳು ಇಂದು ಬೆಳಗಿನ ಜಾವ ನಮ್ಮನ್ನಗಲಿದರು. ಆ ದುಃಖದಲ್ಲಿ ಈ ಸ್ವಾಮಿಭಕ್ತನಿಗೆ ಬುದ್ಧಿಭ್ರಮಣೆಯಾಗಿದೆ. ನೀವೇ ಯೋಚಿಸಿರಿ. ಕಾರ್ತಿಕದಲ್ಲಿ ಒಡೆಯ ತೀರಿಕೊಂಡಿದ್ದರೆ ಲೆಂಕನಾದವನು ಫಾಲ್ಗುನದವರೆಗೆ ಬದುಕಿರುತ್ತಾನೆಯೇ?"

ಜನ ಮಸಣಯ್ಯನತ್ತ ನೋಡಿದರು. ಪ್ರಧಾನರ ಮಾತನ್ನು ನಂಬಿದರೆ ಅವನು ಹುಚ್ಚ, ಆದರೆ ಮಾನವಂತ. ಅವನ ಮಾತನ್ನೇ ನಂಬಿದರೆ ಅವನಷ್ಟು ಹೀನನಿಲ್ಲ. ಹೂಂ ಎಂದು ತಲೆಯಾಡಿಸಿದ್ದರೆ ಆ ಗಳಿಗೆಯಲ್ಲಿಯೂ ಅವನ ಹೆಸರು ಉಳಿಯುತ್ತಿತ್ತು.

"ಬದುಕಿದ್ದೆ," ಎಂದ ಮಸಣಯ್ಯ. "ಹೆದರಿ ಬದುಕಿದ್ದೆ."

ಆಗ ಮೇಲಿನಿಂದ ಗಾಜು ಒಡೆದ ಸದ್ದಾಯಿತು. ಎಲ್ಲರೂ ಕತ್ತೆತ್ತಿದರು. ಸೋಮಲದೇವಿಯರು ಎದ್ದುನಿಂತು, ಎರಡು ಕೈಗಳನ್ನೂ ಕಟಾಂಜನದ ಕಲ್ಲಿಗೆ ಅಪ್ಪಳಿಸಿದ್ದರು. ಹಸಿರು ಬಳೆಯ ಚೂರುಗಳು ಬೀದಿಯ ಕಾಗದಗಳ ಮೇಲೆ ಉದುರಿದವು.

"ಕಾರ್ತಿಕ ಹುಣ್ಣಿಮೆ," ಎಂದರು ದೇವಿಯರು. "ಮಸಣಯ್ಯನವರ ಮಾತು ನಿಜ. ನಾನೂ ಹೆದರಿ ಬದುಕಿದ್ದೆ."

ಹಿಂದೆ ನಿಂತಿದ್ದ ಭಟರು ಮುಂದೆ ಬರಲಿಲ್ಲ. ಅವರಿಗೂ ಸಂಬಳ ಬರುತ್ತಿದ್ದದ್ದು ಕಾಗದದಲ್ಲಿಯೇ. ಅವರೂ ತಮ್ಮ ಕೆಂಪು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಮೂಡಣ ಬಾಗಿಲಿನಲ್ಲಿ ಬೆಲ್ಲದ ಗಾಡಿಗಳನ್ನು ಯಾರೋ ಮಗುಚಿದ ಗದ್ದಲ, ಅದರ ಹಿಂದೆಯೇ ಕಲ್ಲಿನ ಮೇಲೆ ಹೊನ್ನು ಚೆಲ್ಲಿದ ಸದ್ದು ಕೇಳಿಸಿತು. ಏಚಿಮಯ್ಯನವರು ಅತ್ತ ತಿರುಗುವಷ್ಟರಲ್ಲಿ ಜನ ಮೆಟ್ಟಿಲಿಗೆ ಮುತ್ತಿದ್ದರು. ಆ ಬೆಳ್ಳನೆಯ ಕೈಗಳು ನೂರಾರು ಕೆಂಪು ಕೈಗಳ ನಡುವೆ ಒಮ್ಮೆ ಮೇಲೆದ್ದು ಮರೆಯಾದವು.

ಆದರೆ ಅರ್ಧ ಜನ ಮಸಣಯ್ಯನ ಸುತ್ತಲೇ ಉಳಿದಿದ್ದರು. ಮೊದಲ ಉಗುಳು ಯಾರದೋ ತಿಳಿಯಲಿಲ್ಲ. ಎರಡನೆಯದು ಸೋವಕ್ಕನ ಸೆರಗಿಗೆ ಬಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಕಾಳವ್ವೆ ಜಗಲಿಯಿಂದಿಳಿದಳು. ಅವಳ ಕೈಯಲ್ಲಿ ಎಣ್ಣೆ ತೂಗುವ ಕಲ್ಲಿತ್ತು.

"ನಾನು ಬಾಯಿಬಿಟ್ಟು ಕೇಳಿದೆ," ಎಂದಳು. "ನಿನ್ನೆಯೂ ಕೇಳಿದೆ. ನೀನು ನನ್ನನ್ನು ಅವ್ವಾ ಅಂದೆ. ಅವ್ವಾ ಅಂದು ಸುಳ್ಳು ಹೇಳಿದೆ."

ಅವನು ಅವಳ ಮುಂದೆ ಮಂಡಿಯೂರಿ ತಲೆ ಬಾಗಿಸಿದ. ಅವಳು ಕಲ್ಲನ್ನು ಎತ್ತಿದಳು.

"ತಡೆ," ಎಂಬ ದನಿ ಕೇಳಿಸಿತು. ಉಪ್ಪರಿಗೆಯಿಂದಿಳಿದ ಒಬ್ಬ ಭಟ ಜನರನ್ನು ಸರಿಸಿಕೊಂಡು ಬಂದ. ಅವನ ಕೈಯಲ್ಲಿ ಬಾಳೆಯೆಲೆಯ ತುಂಡು. ಅದರ ಮೇಲೆ ಒಂದು ತುತ್ತು ಅನ್ನ. ಮೇಲೆ ದೇವಿಯರು ಬಲಗೈಯ ಕೊನೆಯೆರಡು ಬೆರಳುಗಳನ್ನು ಇನ್ನೂ ಮಡಿಚಿಕೊಂಡೇ ನಿಂತಿದ್ದರು. ತುತ್ತು ಮಾವಿನ ಮಿಡಿಯಂತೆ ತುದಿ ಚೂಪಾಗಿತ್ತು; ಮೈಮೇಲೆ ಮೂರು ಗುಳಿಗಳಿದ್ದವು.

ಮಸಣಯ್ಯ ಅದನ್ನು ಅಂಗೈಯಲ್ಲಿ ಹಿಡಿದುಕೊಂಡ. ಉಣ್ಣುವುದಕ್ಕೆ ಆಗಲಿಲ್ಲ. ಸಾಯುವ ಹಕ್ಕನ್ನು ಬೀದಿಯಲ್ಲಿ ಬಿಟ್ಟುಕೊಟ್ಟವನಿಗೆ ಬದುಕುವ ಅಪ್ಪಣೆಯನ್ನು ನುಂಗುವುದು ಇನ್ನೂ ಕಷ್ಟವಾಗಿತ್ತು.

ಅರಮನೆಯ ತುತ್ತು ಕೈಯಲ್ಲಿರುವವನ ಮೇಲೆ ಯಾರೂ ಕೈಯೆತ್ತಕೂಡದು. ಕಾಳವ್ವೆ ಎತ್ತಿದ ಕಲ್ಲನ್ನು ಇಳಿಸಿ ತಕ್ಕಡಿಯ ಪಕ್ಕಕ್ಕೆ ಕುಕ್ಕಿದಳು.

"ಉಣ್ಣು," ಎಂದಳು. "ಉಂಡು ಒಳಗೆ ಬಾ. ಎತ್ತನ್ನು ಮಾರಿಬಿಟ್ಟಿದ್ದೇನೆ. ಗಾಣ ಎಳೆಯುವುದಕ್ಕೆ ಯಾರಾದರೂ ಬೇಕು."

ಸಿರಿವೊಳಲಿನ ಕೋಟೆಯ ಮುಂದಿನ ವೀರಗಲ್ಲುಗಳ ಸಾಲಿನಲ್ಲಿ ಮಸಣಯ್ಯನ ಕಲ್ಲಿಲ್ಲ. ದೇವಿಯರು ನಿಲ್ಲಿಸುತ್ತೇನೆಂದಾಗ ಅವನೇ ಬೇಡವೆಂದನಂತೆ. ತಲೆ ನರೆಯುವ ತನಕ ಅವನು ಕಾಳವ್ವೆಯ ಗಾಣದ ಸುತ್ತ ಸದ್ದಿಲ್ಲದೆ ನಡೆದ; ಎಡಗಾಲಿನ ಬಿಳಿಯ ಪಟ್ಟಿ ಕೊನೆಯವರೆಗೂ ಬಿಸಿಲಿಗೆ ಕಪ್ಪಾಗಲಿಲ್ಲ. ಹೊನ್ನು ನಿಧಾನವಾಗಿ ಬೀದಿಗೆ ಮರಳಿತು, ಅಂಗೈಗಳ ಕೆಂಪು ಮಳೆಗಾಲಗಳು ಕಳೆದಂತೆ ಮಾಸಿತು. ಆದರೂ ಆ ಪೇಟೆಯವರು ಅಂಗಡಿಯ ಹಲಗೆಗೆ ಕೈಹಾಕಿದ ಮೇಲೆ ಅರೆಗಳಿಗೆ ಹಾಗೆಯೇ ನಿಲ್ಲುತ್ತಿದ್ದರು. ಯಾವುದೋ ಸದ್ದಿಗೆ ಕಿವಿಗೊಟ್ಟು, ಅದು ಕೇಳಿಸದೆ ಇದ್ದದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ಹಲಗೆ ಸರಿಸುತ್ತಿದ್ದರು.